ನರ್ಸಿಂಗ್ ಪಿಎಚ್‌ಡಿ: ಲಿಟರೇಚರ್ ರಿವ್ಯೂನಲ್ಲಿ ಅಧ್ಯಯನಗಳನ್ನು ಹೆಣೆಯುವ ಬಗೆ

ನರ್ಸಿಂಗ್ ಪ್ರಬಂಧಗಳ ಎರಡನೇ ಅಧ್ಯಾಯ, ಅಂದರೆ ಹಿಂದಿನ ಅಧ್ಯಯನಗಳನ್ನು ಪರಿಶೀಲಿಸುವ ಲಿಟರೇಚರ್ ರಿವ್ಯೂ, ತೆರೆದರೆ ಬಹಳ ಕಡೆ ಒಂದೇ ಅಚ್ಚು ಕಾಣುತ್ತದೆ. "ಇಂಥ ಊರಿನ ಆಸ್ಪತ್ರೆಯಲ್ಲಿ 60 ತಾಯಂದಿರ ಮೇಲೆ ಅಧ್ಯಯನ ನಡೆಸಲಾಯಿತು. ಪ್ರಶ್ನಾವಳಿ ಬಳಸಲಾಯಿತು. ಜ್ಞಾನದ ಅಂಕ ಹೆಚ್ಚಿತೆಂದು ಫಲಿತಾಂಶ ತಿಳಿಸಿತು." ಮುಂದಿನ ಪ್ಯಾರಾದಲ್ಲಿ ಊರು ಬದಲಾಗುತ್ತದೆ, 60 ಹೋಗಿ 80 ಆಗುತ್ತದೆ, ಉಳಿದದ್ದೆಲ್ಲ ಅದೇ. ನಲವತ್ತು ಪ್ಯಾರಾ ಓದಿ ಮುಗಿಸಿದರೂ ಒಟ್ಟಾರೆ ಏನು ಗೊತ್ತಾಗಿದೆ, ಯಾವುದನ್ನು ನಂಬಬಹುದು, ಎಲ್ಲಿ ತಕರಾರಿದೆ ಎಂಬುದು ತಿಳಿಯುವುದಿಲ್ಲ. ಹೂವೆಲ್ಲ ಬುಟ್ಟಿಯಲ್ಲಿದೆ, ಮಾಲೆ ಕಟ್ಟಿಲ್ಲ. ಪಿಎಚ್‌ಡಿಯಲ್ಲಿ ಇದು ಸಾಲದು. ನಿಮ್ಮ ಅಧ್ಯಯನ ಏಕೆ ಬೇಕು ಎಂಬ ವಾದ ಈ ಅಧ್ಯಾಯದ ಮೇಲೆಯೇ ನಿಂತಿರುತ್ತದೆ, ವೈವಾದಲ್ಲಿ ಮೊದಲು ಅಲುಗುವುದೂ ಇದೇ.

ಕೆಲಸದ ಕ್ರಮವನ್ನು ಒಂದು ನಿಜವಾದ ವಿಷಯ ಇಟ್ಟುಕೊಂಡು ನೋಡೋಣ: ಕಾಂಗರೂ ಮದರ್ ಕೇರ್, ವಾರ್ಡಿನ ಮಾತಿನಲ್ಲಿ ಕೆಎಂಸಿ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಈ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ದೊಡ್ಡ ಪ್ರಯೋಗಗಳು, ಸಣ್ಣ ಸರ್ವೆಗಳು, ತಾಯಂದಿರ ಮತ್ತು ನರ್ಸ್‌ಗಳ ಸಂದರ್ಶನಗಳು ಎಲ್ಲವೂ ಇದರಲ್ಲಿ ಸಿಗುತ್ತವೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಅನುಷ್ಠಾನ ಸಂಶೋಧನೆಯೂ ಇದೆ.

ಪ್ರಶ್ನೆಯನ್ನು ಮೊದಲು ಬಿಗಿ ಮಾಡಿ

"ಕೆಎಂಸಿ ಪರಿಣಾಮಕಾರಿಯೇ?" ಎಂಬುದು ಈಗ ಪಿಎಚ್‌ಡಿ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಶಿಫಾರಸಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮತ್ತು ಕಡಿಮೆ ತೂಕದ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಕೆಎಂಸಿ ಕೊಡಿ, ಹುಟ್ಟಿದ ಮೇಲೆ ಆದಷ್ಟು ಬೇಗ ಶುರುಮಾಡಿ ಎಂದು ಹೇಳಿಯಾಗಿದೆ. "ದಿನಕ್ಕೆ 8 ಗಂಟೆ ಮುಟ್ಟಲು ತಾಯಂದಿರಿಗೂ ನರ್ಸ್‌ಗಳಿಗೂ ಯಾವುದು ನೆರವಾಗುತ್ತದೆ, ಯಾವುದು ಅಡ್ಡ ಬರುತ್ತದೆ?" ಎಂದು ಕೇಳಿದರೆ ಪ್ರಶ್ನೆಗೆ ಜೀವ ಬರುತ್ತದೆ.

ಪ್ರಶ್ನೆ ಬದಲಾದ ಹಾಗೆ ರಿವ್ಯೂ ಬಗೆಯೂ ಬದಲಾಗುತ್ತದೆ. ಒಂದು ಚಿಕಿತ್ಸೆಯ ಪರಿಣಾಮವನ್ನಷ್ಟೇ ಅಳೆಯುವುದಾದರೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಮೊದಲೇ ಬರೆದಿಟ್ಟ ನಿಯಮದಂತೆ ಎಲ್ಲ ಅಧ್ಯಯನಗಳನ್ನೂ ಹುಡುಕಿ ತೂಗುವುದು. ಪ್ರಯೋಗ, ಸರ್ವೆ, ಸಂದರ್ಶನ ಮೂರನ್ನೂ ಸೇರಿಸಬೇಕಾದರೆ ಇಂಟಿಗ್ರೇಟಿವ್ ರಿವ್ಯೂ. ಇದಕ್ಕೆ ನರ್ಸಿಂಗ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಿಟ್‌ಮೋರ್ ಮತ್ತು ನಾಫ್ಲ್ 2005ರಲ್ಲಿ ಕೊಟ್ಟ ಐದು ಹಂತಗಳು: ಸಮಸ್ಯೆ ಗುರುತಿಸುವುದು, ಹುಡುಕುವುದು, ಗುಣಮಟ್ಟ ಅಳೆಯುವುದು, ವಿಶ್ಲೇಷಿಸುವುದು, ಮಂಡಿಸುವುದು. ಯಾವ ಬಗೆ ಎಂಬುದನ್ನು ಗೈಡ್ ಜೊತೆ ಕೂತು ಮೊದಲೇ ಬರೆದಿಡಿ. ಸಿಸ್ಟಮ್ಯಾಟಿಕ್ ರಿವ್ಯೂ ಆದರೆ ಹುಡುಕಾಟಕ್ಕೆ ಮುಂಚೆ ಪ್ರೊಟೊಕಾಲನ್ನು (ರಿವ್ಯೂ ಮಾಡುವ ಯೋಜನೆಯನ್ನು) ಪ್ರಾಸ್ಪೆರೋ ಎಂಬ ನೋಂದಣಿ ತಾಣದಲ್ಲಿ ನೋಂದಾಯಿಸಿ. ಅಲ್ಲಿ ಸ್ಕೋಪಿಂಗ್ ರಿವ್ಯೂಗಳನ್ನು (ಒಂದು ವಿಷಯದಲ್ಲಿ ಏನೇನು ಅಧ್ಯಯನವಾಗಿದೆ ಎಂದು ಗುರುತಿಸುವಂಥವು) ತೆಗೆದುಕೊಳ್ಳುವುದಿಲ್ಲ.

ಹುಡುಕಾಟ

ವೈದ್ಯಕೀಯ ಲೇಖನಗಳ ಉಚಿತ ಡೇಟಾಬೇಸ್ ಆದ ಪಬ್‌ಮೆಡ್ ಒಂದರಲ್ಲೇ ಹುಡುಕಿ ನಿಲ್ಲಿಸಬೇಡಿ. ನರ್ಸ್‌ಗಳ ಅನುಭವ, ವಾರ್ಡಿನ ಆಚರಣೆ ಕುರಿತ ಎಷ್ಟೋ ಬರಹಗಳು ನರ್ಸಿಂಗ್ ಲೇಖನಗಳ ಸಿನಾಲ್‌ನಲ್ಲಿ ಮಾತ್ರ ಸಿಗುತ್ತವೆ. ಅದು ಚಂದಾ ಡೇಟಾಬೇಸ್. ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಕಾಲೇಜಿನವರು ಅದರ ಡಿಜಿಟಲ್ ಲೈಬ್ರರಿಯಾದ ಹೆಲಿನೆಟ್‌ನಲ್ಲಿ ಏನೇನು ಲಭ್ಯ ಎಂದು ಲೈಬ್ರರಿಯನ್ ಹತ್ತಿರ ಕೇಳಿ. ಸರ್ಕಾರಿ ಸಂಸ್ಥೆಗಳವರಿಗೆ 2025ರ ಜನವರಿಯಲ್ಲಿ ಶುರುವಾದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಮೂಲಕ 30 ಪ್ರಕಾಶಕರ ಜರ್ನಲ್‌ಗಳು ತೆರೆಯುತ್ತವೆ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ನೋಡಿ.

ಹುಡುಕುವ ಪದಗಳನ್ನು ಎರಡು ದಾರಿಯಲ್ಲಿ ಕೊಡಬೇಕು. ಒಂದು, ಪಬ್‌ಮೆಡ್‌ನ ಮೆಶ್ ಶೀರ್ಷಿಕೆ, ಅಂದರೆ ಪ್ರತಿ ಲೇಖನಕ್ಕೂ ಅದರ ವಿಷಯ ನೋಡಿ ಹಚ್ಚುವ ನಿಗದಿತ ಪದ. ಇನ್ನೊಂದು, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಬರುವ ಮಾಮೂಲಿ ಪದಗಳು: ಕಾಂಗರೂ ಕೇರ್, ಕಾಂಗರೂ ಮದರ್ ಕೇರ್, ಸ್ಕಿನ್ ಟು ಸ್ಕಿನ್. ಮೆಶ್ ಒಂದನ್ನೇ ನಂಬಿದರೆ ಇನ್ನೂ ಮೆಶ್ ಹಚ್ಚದ ಹೊಸ ಲೇಖನಗಳು ತಪ್ಪುತ್ತವೆ. ಒಂದೇ ಅರ್ಥದ ಪದಗಳ ನಡುವೆ 'ಆರ್', ಬೇರೆ ಬೇರೆ ವಿಚಾರಗಳ ನಡುವೆ 'ಆಂಡ್'. ಇಲ್ಲಿ ಒಂದು ಎಚ್ಚರಿಕೆ. ಸ್ಕಿನ್ ಟು ಸ್ಕಿನ್ ಎಂದು ಹಾಕಿದೊಡನೆ ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳನ್ನು ಹೆರಿಗೆಯಾದ ತಕ್ಷಣ ತಾಯಿಯ ಮೇಲೆ ಮಲಗಿಸುವ ಅಧ್ಯಯನಗಳು ರಾಶಿಯಾಗಿ ಬರುತ್ತವೆ. ಅದು ಬೇರೆಯೇ ವಿಷಯ. ಕಡಿಮೆ ತೂಕ, ಅವಧಿಪೂರ್ವ ಎಂಬ ಪದಗಳ ಗುಂಪನ್ನು 'ಆಂಡ್' ಹಾಕಿ ಜೋಡಿಸಿ.

ಹೆಚ್ಚು ಹಾನಿ ಮಾಡುವುದು ಎರಡು ಫಿಲ್ಟರ್‌ಗಳು. "ಉಚಿತ ಪೂರ್ಣ ಪಠ್ಯ ಮಾತ್ರ" ಎಂದು ಒತ್ತಿದರೆ ನಿಮ್ಮ ರಿವ್ಯೂನಲ್ಲಿ ಏನಿರಬೇಕು ಎಂಬುದನ್ನು ಪ್ರಕಾಶಕರ ಬೆಲೆಪಟ್ಟಿ ತೀರ್ಮಾನಿಸಿದ ಹಾಗಾಗುತ್ತದೆ. "ಕಳೆದ 5 ವರ್ಷ" ಎಂದು ಒತ್ತಿದರೆ ಬುಡದ ಅಧ್ಯಯನಗಳೇ ಬಿದ್ದುಹೋಗುತ್ತವೆ. ವರ್ಷದ ಮಿತಿ ಹಾಕುವುದಾದರೆ ಕಾರಣ ಹೇಳಿ: ಒಂದು ಮಾರ್ಗಸೂಚಿ ಬದಲಾದ ವರ್ಷ, ಒಂದು ಯೋಜನೆ ಜಾರಿಯಾದ ವರ್ಷ, ಹೀಗೆ.

ಪ್ರತಿ ಡೇಟಾಬೇಸಿನ ಹೆಸರು, ಹುಡುಕಿದ ದಿನಾಂಕ, ಹಾಕಿದ ಸಾಲು ಅಕ್ಷರಶಃ, ಬಂದ ಸಂಖ್ಯೆ, ಈ ನಾಲ್ಕನ್ನೂ ಅದೇ ದಿನ ಬರೆದಿಡಿ. ಆರು ತಿಂಗಳು ಬಿಟ್ಟು ಅದೇ ಸಾಲು ಹಾಕಿದರೆ ಅದೇ ಸಂಖ್ಯೆ ಬರುವುದಿಲ್ಲ, ಎಷ್ಟು ಲೇಖನ ಬಂದವು, ಎಷ್ಟು ಉಳಿದವು ಎಂದು ತೋರಿಸುವ ಪ್ರಿಸ್ಮಾ ಚಿತ್ರದ ಲೆಕ್ಕ ತಪ್ಪುವುದು ಇಲ್ಲೇ.

ಜರಡಿ ಹಿಡಿಯುವುದು

ಸಿಕ್ಕಿದ್ದನ್ನೆಲ್ಲ ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶಕ್ಕೆ ಇಳಿಸಿಕೊಂಡು ನಕಲು ದಾಖಲೆಗಳನ್ನು ತೆಗೆಯಿರಿ. ಹಿಂತೆಗೆದುಕೊಂಡ ಲೇಖನವಿದ್ದರೆ ಜೊಟೆರೊ ಕೆಂಪು ಗುರುತು ಹಾಕಿ ತೋರಿಸುತ್ತದೆ, ಅದನ್ನು ಕಡೆಗಣಿಸಬೇಡಿ. ಜರಡಿಗೆ ರಯ್ಯಾನ್ ಎಂಬ ಆನ್‌ಲೈನ್ ಸಾಧನ ಅನುಕೂಲ. ಇನ್ನೊಬ್ಬರು ಸ್ವತಂತ್ರವಾಗಿ ನೋಡಬೇಕು. ಎಲ್ಲವನ್ನೂ ನೋಡಲು ಆಳು ಸಿಗದಿದ್ದರೆ ಒಂದು ಭಾಗವನ್ನಾದರೂ ಸಹ ಸಂಶೋಧಕರಿಗೆ ಕೊಟ್ಟು, ಎಲ್ಲೆಲ್ಲಿ ಭಿನ್ನಾಭಿಪ್ರಾಯ ಬಂತು ಎಂದು ನೋಡಿಕೊಂಡು ಸೇರ್ಪಡೆಯ ನಿಯಮವನ್ನು ತಿದ್ದಿ, ಆಮೇಲೆ ಮುಂದುವರಿಯಿರಿ.

ಲೆಕ್ಕ ಹೀಗೆ ಇಳಿಯಬೇಕು. 412 ದಾಖಲೆ ಬಂದು, 97 ನಕಲು ಹೋದರೆ 315. ಶೀರ್ಷಿಕೆ, ಸಾರಾಂಶ ನೋಡಿ 268 ಬಿಟ್ಟರೆ 47. ಅದರಲ್ಲಿ 3ರ ಪೂರ್ಣ ಪಠ್ಯ ಸಿಗದಿದ್ದರೆ 44. ಓದಿ 23 ಬಿಟ್ಟರೆ 21. (ಇದು ಮಾದರಿ ಲೆಕ್ಕ.) ಪೂರ್ಣ ಪಠ್ಯ ಓದಿ ಬಿಟ್ಟ ಆ 23ಕ್ಕೆ ಒಂದೊಂದಕ್ಕೂ ಕಾರಣ ಬೇಕು, ಪ್ರಿಸ್ಮಾ 2020 ಅದನ್ನು ಕೇಳುತ್ತದೆ. ಇನ್ನೊಂದು ಸೂಕ್ಷ್ಮ: ಲೇಖನವೇ ಬೇರೆ, ಅಧ್ಯಯನವೇ ಬೇರೆ. ಒಂದೇ ಪ್ರಯೋಗದಿಂದ ಸಾವಿನ ಬಗ್ಗೆ ಒಂದು, ಎದೆಹಾಲಿನ ಬಗ್ಗೆ ಇನ್ನೊಂದು ಲೇಖನ ಬಂದಿದ್ದರೆ ಅವು ಎರಡು ವರದಿಗಳು, ಒಂದೇ ಅಧ್ಯಯನ. ಎರಡೆಂದು ಎಣಿಸಿದರೆ ಅವೇ ಮಕ್ಕಳನ್ನು ಎರಡು ಸಲ ಎಣಿಸಿದ ಹಾಗೆ.

ಗುಣಮಟ್ಟ: ಅಂಕ ಕೂಡಿಸಬೇಡಿ

ಅಧ್ಯಯನದ ಗುಣಮಟ್ಟ ತೂಗಲು ಜೆಬಿಐ ಸಂಸ್ಥೆಯ ಪರಿಶೀಲನಾ ಪಟ್ಟಿಗಳು ಉಚಿತವಾಗಿ ಸಿಗುತ್ತವೆ. ರ‍್ಯಾಂಡಮೈಸ್ಡ್ ಪ್ರಯೋಗಕ್ಕೆ (ಚೀಟಿ ಎತ್ತಿದಂತೆ ಗುಂಪು ಮಾಡಿದ್ದು) 13 ಪ್ರಶ್ನೆ, ಕ್ವಾಸಿ ಎಕ್ಸ್‌ಪೆರಿಮೆಂಟಲ್‌ಗೆ (ಹಾಗೆ ಗುಂಪು ಮಾಡದ ಪ್ರಯೋಗ) 9, ಕ್ರಾಸ್ ಸೆಕ್ಷನಲ್ ವಿಶ್ಲೇಷಣೆಗೆ (ಒಂದೇ ಹೊತ್ತಿನಲ್ಲಿ ಅಳೆದದ್ದು) 8, ಗುಣಾತ್ಮಕ ಅಧ್ಯಯನಕ್ಕೆ 10. ಬಗೆಬಗೆಯವು ಬೆರೆತಿದ್ದರೆ ಎಂಎಂಎಟಿ 2018 ಎಂಬ ಪರಿಶೀಲನಾ ಪಟ್ಟಿ ಒಂದೇ ಚೌಕಟ್ಟಿನಲ್ಲಿ ಸಾಗಲು ಅನುಕೂಲ: ಎರಡು ಜರಡಿ ಪ್ರಶ್ನೆ, ಆಮೇಲೆ ಪ್ರತಿ ಬಗೆಗೆ ಐದು.

"13ಕ್ಕೆ 9, ಆದ್ದರಿಂದ ಉತ್ತಮ" ಎಂದು ಬರೆಯುವುದು ರೂಢಿ. ಅದು ತಪ್ಪು ದಾರಿ. ಹೋದ ನಾಲ್ಕು ಯಾವುವು ಎಂಬುದೇ ಮುಖ್ಯ. ಕೆಎಂಸಿಯಲ್ಲಿ ಯಾವ ತಾಯಿಗೂ ತಾನು ಯಾವ ಗುಂಪಿನಲ್ಲಿದ್ದೇನೆ ಎಂಬುದನ್ನು ಮುಚ್ಚಿಡಲಾಗದು, ಮಗು ಎದೆಯ ಮೇಲೇ ಇರುತ್ತದೆ. ಹಾಗಾಗಿ ಬ್ಲೈಂಡಿಂಗ್ ಪ್ರಶ್ನೆಗೆ ಎಲ್ಲ ಅಧ್ಯಯನಗಳೂ "ಇಲ್ಲ" ಎನ್ನುತ್ತವೆ. ಆದರೆ ಆ "ಇಲ್ಲ" ಎಲ್ಲ ಫಲಿತಾಂಶಕ್ಕೂ ಒಂದೇ ತೂಕದ್ದಲ್ಲ. ಸಾವಿನ ಲೆಕ್ಕ ಅದರಿಂದ ಅಷ್ಟಾಗಿ ಕದಲುವುದಿಲ್ಲ. "ದಿನಕ್ಕೆ ಎಷ್ಟು ಗಂಟೆ ಕಟ್ಟಿಕೊಂಡಿದ್ದಿರಿ?" ಎಂದು ನರ್ಸ್ ಎದುರು ನಿಂತು ಕೇಳಿದಾಗ ತಾಯಿ ಕೊಡುವ ಉತ್ತರ ಖಂಡಿತ ಕದಲುತ್ತದೆ.

ನಮ್ಮಲ್ಲಿ ಹೇರಳವಾಗಿರುವ ಒಂದು ಬಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು: ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ, ಒಂದೇ ಗುಂಪು, ಪ್ರೀ ಟೆಸ್ಟ್, ಏಳನೇ ದಿನ ಪೋಸ್ಟ್ ಟೆಸ್ಟ್. ಅಂಕ ಏರಿಯೇ ಇರುತ್ತದೆ. ಅದೇ ಪ್ರಶ್ನೆಪತ್ರಿಕೆ ಎರಡನೇ ಸಲ ಬಂದರೆ ಪಾಠವಿಲ್ಲದೆಯೂ ಅಂಕ ಏರುತ್ತದೆ, ಹೋಲಿಸಲು ಇನ್ನೊಂದು ಗುಂಪಿಲ್ಲದ ಕಡೆ ಎಷ್ಟು ಏರಿಕೆ ಪಾಠದ್ದು ಎಂದು ಬೇರ್ಪಡಿಸಲಾಗದು. ಮೇಲಾಗಿ ಅಳೆದದ್ದು ತಿಳಿವಳಿಕೆಯನ್ನು, ಮಗು ಎದೆಯ ಮೇಲಿದ್ದ ಗಂಟೆಗಳನ್ನಲ್ಲ. ಇಂಥವನ್ನು ಕಸಕ್ಕೆ ಹಾಕಬೇಕಿಲ್ಲ. "ತಿಳಿವಳಿಕೆ ಕಲಿಸಿದರೆ ಬರುತ್ತದೆ" ಎಂಬಷ್ಟಕ್ಕೆ, ಅದೂ ಹುಷಾರಾಗಿ, ಒಂದೇ ವಾಕ್ಯದಲ್ಲಿ ಒಟ್ಟಿಗೆ ಹೇಳಿ ಮುಗಿಸಿ. ಹತ್ತು ಅಧ್ಯಯನಕ್ಕೆ ಹತ್ತು ಪ್ಯಾರಾ ಬೇಡ.

ಮ್ಯಾಟ್ರಿಕ್ಸ್: ಬರೆಯುವುದು ಅಡ್ಡಕ್ಕೆ, ಓದುವುದು ಉದ್ದಕ್ಕೆ

ಇಡೀ ಕೆಲಸದ ಹೃದಯ ಇದು. ಎಕ್ಸೆಲ್ ಹಾಳೆಯಲ್ಲಿ ಒಂದು ಅಧ್ಯಯನಕ್ಕೆ ಒಂದು ಸಾಲು. ಲೇಖಕರು, ವರ್ಷ, ವಿನ್ಯಾಸ, ಸ್ಯಾಂಪಲ್, ಫಲಿತಾಂಶ ಎಂಬ ಐದು ಕಾಲಂ ಎಲ್ಲರೂ ಹಾಕುತ್ತಾರೆ. ಅಷ್ಟರಿಂದ ಹೆಣಿಗೆ ಬರುವುದಿಲ್ಲ. ನಿಮ್ಮ ವಿಷಯಕ್ಕೇ ಹುಟ್ಟುವ ಕಾಲಂಗಳು ಬೇಕು. ಕೆಎಂಸಿಗೆ ಇವು: ಮಗುವಿನ ತೂಕದ ವ್ಯಾಪ್ತಿ, ಶುರುಮಾಡಿದ್ದು ಯಾವಾಗ (ಹುಟ್ಟಿದ ತಕ್ಷಣವೋ, ಮಗುವಿನ ಸ್ಥಿತಿ ಸ್ಥಿರವಾದ ಮೇಲೋ), ಎಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು, ವಾರ್ಡ್, ಮನೆ), ಎಷ್ಟು ಗಂಟೆ ಎಂದು ಯೋಜಿಸಿದ್ದು, ನಿಜಕ್ಕೂ ಆದದ್ದು ಎಷ್ಟು, ಆ ಗಂಟೆಗಳನ್ನು ಅಳೆದವರು ಯಾರು, ಹೋಲಿಕೆಯ ಗುಂಪಿಗೆ ಸಿಕ್ಕಿದ್ದೇನು, ಫಲಿತಾಂಶವನ್ನು ಅಳೆದದ್ದು ಯಾವ ದಿನಕ್ಕೆ, ಅಂಕಿ ಮತ್ತು 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜ ಮೌಲ್ಯ ಇರಬಹುದಾದ ವ್ಯಾಪ್ತಿ, ಮುಂದೆ ಆವರಣದಲ್ಲಿ ಕೊಟ್ಟದ್ದು), ಗುಣಮಟ್ಟದಲ್ಲಿ ಮುಖ್ಯ ಕೊರತೆ. ಕೊನೆಯ ಕಾಲಂ ನಿಮ್ಮದೇ ಮಾತಿನಲ್ಲಿ: ನನ್ನ ಪ್ರಶ್ನೆಗೆ ಇದು ಏನು ಹೇಳುತ್ತದೆ?

ಮೊದಲು ಮೂರು ಲೇಖನ ತುಂಬಿಸಿ ನಿಲ್ಲಿಸಿ, ಕಾಲಂ ಸಾಲದಿದ್ದರೆ ಸೇರಿಸಿ, ಆಮೇಲೆ ಉಳಿದವಕ್ಕೆ ಕೈಹಾಕಿ. ಇಪ್ಪತ್ತು ಆದ ಮೇಲೆ ಕಾಲಂ ಸೇರಿಸಿದರೆ ಇಪ್ಪತ್ತನ್ನೂ ಮತ್ತೆ ಓದಬೇಕಾಗುತ್ತದೆ. ಲೇಖನದಲ್ಲಿ ಹೇಳದ ವಿಷಯಕ್ಕೆ ಖಾಲಿ ಬಿಡದೆ "ವರದಿಯಿಲ್ಲ" ಎಂದೇ ಬರೆಯಿರಿ. ಆ ಪದ ಒಂದೇ ಕಾಲಂನಲ್ಲಿ ಮತ್ತೆ ಮತ್ತೆ ಬಂದರೆ ಅದೇ ಒಂದು ಕಂಡುಕೊಂಡ ಸಂಗತಿ.

ಈಗ ಸಾಲುಗಳನ್ನು ಮರೆತು ಕಾಲಂಗಳನ್ನು ಮೇಲಿಂದ ಕೆಳಕ್ಕೆ ಓದಿ. ಮೂರು ನಿಜ ಸಾಲುಗಳಿಂದ ತೋರಿಸಬಹುದು.

ಸಿಸ್ಟಮ್ಯಾಟಿಕ್ ರಿವ್ಯೂಗಳನ್ನು ಪ್ರಕಟಿಸುವ ಕಾಕ್ರೇನ್ ಸಂಸ್ಥೆಯ 2016ರ ರಿವ್ಯೂ: 21 ಪ್ರಯೋಗ, 3042 ಮಕ್ಕಳು. ಹೆಚ್ಚಿನವುಗಳಲ್ಲಿ, ಅಂದರೆ 19ರಲ್ಲಿ, ಮಗು ಸ್ಥಿರವಾದ ಮೇಲೆ ಕೆಎಂಸಿ. ಆಸ್ಪತ್ರೆಯಿಂದ ಬಿಡುವ ವೇಳೆಗೆ ಸಾವಿನ ರಿಸ್ಕ್ ರೇಶಿಯೊ, ಅಂದರೆ ಎರಡು ಗುಂಪುಗಳ ಅಪಾಯದ ಅನುಪಾತ (1ಕ್ಕಿಂತ ಕಡಿಮೆಯಿದ್ದರೆ ಕೆಎಂಸಿ ಗುಂಪಿನಲ್ಲಿ ಸಾವು ಕಡಿಮೆ), 0.60 (0.39–0.92).

ವಿಶ್ವ ಆರೋಗ್ಯ ಸಂಸ್ಥೆಯ 2021ರ ಪ್ರಯೋಗ: ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆ, 1 ಕೆಜಿಯಿಂದ 1.799 ಕೆಜಿ ತೂಕದ 3211 ಮಕ್ಕಳು, ಹುಟ್ಟಿದ ಕೂಡಲೇ ಕೆಎಂಸಿ. 28 ದಿನದೊಳಗಿನ ಸಾವು 12.0%, ಹೋಲಿಕೆ ಗುಂಪಿನಲ್ಲಿ 15.7%, ರಿಸ್ಕ್ ರೇಶಿಯೊ 0.75 (0.64–0.89).

ಹರಿಯಾಣದ 2019ರ ಪ್ರಯೋಗ: 1500ರಿಂದ 2250 ಗ್ರಾಂ ತೂಕದ 8402 ಮಕ್ಕಳು, ಮನೆಯಲ್ಲಿ ಶುರುಮಾಡಿದ ಕೆಎಂಸಿ. 28 ದಿನದವರೆಗಿನ ಸಾವಿಗೆ ಹೆಜಾರ್ಡ್ ರೇಶಿಯೊ (ಕಾಲವನ್ನೂ ಲೆಕ್ಕಕ್ಕೆ ಹಿಡಿಯುವ ಅಂಥದೇ ಅನುಪಾತ) 0.70 (0.51–0.96).

ಅಡ್ಡಕ್ಕೆ ಓದಿದವರು "0.60 ಇರುವುದರಿಂದ ಸ್ಥಿರವಾದ ಮೇಲೆ ಮಾಡುವುದೇ ಹೆಚ್ಚು ಲಾಭ, ತಕ್ಷಣ ಮಾಡಿದರೆ 0.75 ಅಷ್ಟೇ" ಎಂದು ಬರೆದುಬಿಡುತ್ತಾರೆ. "ಹೋಲಿಕೆಯ ಗುಂಪಿಗೆ ಸಿಕ್ಕಿದ್ದೇನು" ಎಂಬ ಕಾಲಂ ನೋಡಿದರೆ ಅದು ಕುಸಿಯುತ್ತದೆ. 2021ರ ಪ್ರಯೋಗದಲ್ಲಿ ಹೋಲಿಕೆ ಗುಂಪಿನ ಮಕ್ಕಳಿಗೂ ಸ್ಥಿರವಾದ ಮೇಲೆ ಕೆಎಂಸಿ ಸಿಕ್ಕಿತ್ತು. ಅಂದರೆ ಆ 0.75 ಕೆಎಂಸಿಯ ಒಟ್ಟು ಲಾಭವಲ್ಲ, ಬೇಗ ಶುರುಮಾಡಿದ್ದರಿಂದ ಬಂದ ಹೆಚ್ಚುವರಿ ಲಾಭ. ಮೂರು ಅಂಕಿಗಳೂ ಮೂರು ಬೇರೆ ಪ್ರಶ್ನೆಗಳ ಉತ್ತರ, ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಜೊತೆಗೆ 2021ರ ಪ್ರಯೋಗವನ್ನು ಲಾಭ ಸ್ಪಷ್ಟವಾದದ್ದರಿಂದ ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಹಾಗೆ ನಿಲ್ಲಿಸಿದ ಪ್ರಯೋಗಗಳಲ್ಲಿ ಪರಿಣಾಮ ಇರುವುದಕ್ಕಿಂತ ತುಸು ದೊಡ್ಡದಾಗಿ ಕಾಣುವ ಸಾಧ್ಯತೆ ಇರುತ್ತದೆ. ಇದನ್ನು ಗುಣಮಟ್ಟದ ಕಾಲಂನಲ್ಲಿ ಬರೆಯಬೇಕು.

ಅಂಕಿಗಳನ್ನು ಒಟ್ಟುಗೂಡಿಸುವಾಗ

"ಏಳು ಅಧ್ಯಯನ ಪರ, ಐದು ವಿರುದ್ಧ" ಎಂದು ಮತ ಎಣಿಸಬೇಡಿ. ಪಿ ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) 0.05 ದಾಟಿದ್ದೆಲ್ಲ "ಪರಿಣಾಮವಿಲ್ಲ" ಅಲ್ಲ. ಒಂದು ಅಧ್ಯಯನದಲ್ಲಿ 0.75 (0.64–0.89), ಇನ್ನೊಂದು ಸಣ್ಣ ಅಧ್ಯಯನದಲ್ಲಿ 0.75 (0.40–1.41) ಎಂದಿಟ್ಟುಕೊಳ್ಳಿ. ಎರಡೂ ಹೇಳುವುದು ಒಂದನ್ನೇ, ಎರಡನೆಯದರ ಹತ್ತಿರ ಸಾಕಷ್ಟು ಮಕ್ಕಳಿಲ್ಲ ಅಷ್ಟೆ. ಇವನ್ನು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಬರೆದರೆ ಇಲ್ಲದ ಜಗಳವನ್ನು ನೀವೇ ಹುಟ್ಟಿಸಿದಂತೆ.

ರೇಶಿಯೊ ಜೊತೆ ನೇರ ವ್ಯತ್ಯಾಸವನ್ನೂ ಕೊಡಿ. 15.7ರಿಂದ 12.0ಕ್ಕೆ ಎಂದರೆ 3.7 ಶೇಕಡಾ ಅಂಶ. 1000 ಮಕ್ಕಳಲ್ಲಿ 37 ಸಾವು ಕಡಿಮೆ. ಸುಮಾರು 27 ಮಕ್ಕಳಿಗೆ ಹೀಗೆ ಆರೈಕೆ ಕೊಟ್ಟರೆ ಒಂದು ಜೀವ ಉಳಿಯುತ್ತದೆ. ವಾರ್ಡ್ ನಡೆಸುವವರಿಗೆ ಅರ್ಥವಾಗುವುದು ಈ ಮಾತು.

ಮೆಟಾ ಅನಾಲಿಸಿಸ್, ಅಂದರೆ ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಒಂದು ಅಂಕಿ ತೆಗೆಯುವುದು, ಮಾಡಲೇಬೇಕೆಂದಿಲ್ಲ. ಮಕ್ಕಳ ತೂಕ, ಶುರುವಿನ ಹೊತ್ತು, ಹೋಲಿಕೆ, ಅಳೆದ ದಿನ ಹೊಂದಿದರೆ ಮಾತ್ರ ಕೂಡಿಸಿ. ಅಧ್ಯಯನಗಳ ನಡುವಿನ ಭಿನ್ನತೆಯ ಅಳತೆಯಾದ ಐ ಸ್ಕ್ವೇರ್ 75%ಗಿಂತ ಮೇಲೆ ಹೋದರೆ ಸರಾಸರಿಯ ಹಿಂದೆ ಅಡಗುವ ಬದಲು ಏಕೆ ಹೀಗೆ ಎಂದು ಹುಡುಕಿ. ಪ್ರಕಟವಾಗದೆ ಉಳಿದ ಅಧ್ಯಯನಗಳ ಸುಳಿವು ಕೊಡುವ ಫನಲ್ ಪ್ಲಾಟ್ ಚಿತ್ರಕ್ಕೆ ಕನಿಷ್ಠ 10 ಅಧ್ಯಯನ ಬೇಕು. ಕೂಡಿಸಲಾಗದಿದ್ದರೆ, ಮೆಟಾ ಅನಾಲಿಸಿಸ್ ಇಲ್ಲದೆ ಹೆಣೆಯುವವರಿಗಾಗಿ ಬಂದ 2020ರ ಸ್ವಿಮ್ ಮಾರ್ಗಸೂಚಿಯ 9 ಅಂಶಗಳಂತೆ, ಯಾವ ಆಧಾರದ ಮೇಲೆ ಗುಂಪು ಮಾಡಿದಿರಿ, ಯಾವುದಕ್ಕೆ ಹೆಚ್ಚು ತೂಕ ಕೊಟ್ಟಿರಿ ಎಂದು ಬಿಚ್ಚಿ ಹೇಳಿ.

ಮಾತುಗಳನ್ನು ಹೆಣೆಯುವುದು

ಸಂದರ್ಶನ ಆಧಾರಿತ ಅಧ್ಯಯನಗಳಿಗೆ ಥಾಮಸ್ ಮತ್ತು ಹಾರ್ಡನ್ 2008ರಲ್ಲಿ ವಿವರಿಸಿದ ಥೀಮ್ಯಾಟಿಕ್ ಸಿಂಥೆಸಿಸ್ ಕೈಗೆಟುಕುವ ವಿಧಾನ. ಪ್ರತಿ ಲೇಖನದ ಫಲಿತಾಂಶ ಭಾಗವನ್ನು, ತಾಯಂದಿರ ಮಾತು ಮತ್ತು ಲೇಖಕರ ವಿವರಣೆ ಎರಡನ್ನೂ, ಸಾಲು ಸಾಲಾಗಿ ಕೋಡ್ ಮಾಡಿ, ಅಂದರೆ ಪ್ರತಿ ಸಾಲಿಗೂ ಅದರ ಅರ್ಥ ಹೇಳುವ ಒಂದು ಚಿಕ್ಕ ಹೆಸರು ಕೊಡಿ. ಹತ್ತಿರದ ಕೋಡ್‌ಗಳನ್ನು ಸೇರಿಸಿ ವಿವರಣಾತ್ಮಕ ಥೀಮ್ ಮಾಡಿ. ಆಮೇಲೆ ಅವುಗಳಾಚೆ ಹೋಗಿ ನಿಮ್ಮ ಪ್ರಶ್ನೆಗೆ ಉತ್ತರವಾಗುವ ವಿಶ್ಲೇಷಣಾತ್ಮಕ ಥೀಮ್ ಕಟ್ಟಿ.

ಬಹುತೇಕರು ಎರಡನೇ ಮೆಟ್ಟಿಲಲ್ಲೇ ನಿಲ್ಲುತ್ತಾರೆ. "ಸಿಸೇರಿಯನ್ ಗಾಯದ ನೋವು", "ಮಲಗಲು ಜಾಗವಿಲ್ಲ", "ಗಂಡಸರು ಓಡಾಡುವ ಕಡೆ ಎದೆ ತೆರೆಯಲು ಸಂಕೋಚ", "ಮನೆಕೆಲಸಕ್ಕೆ ಬೇರೆ ಯಾರೂ ಇಲ್ಲ" ಎಂಬ ಪಟ್ಟಿ ವಿವರಣೆಯಷ್ಟೇ. "ಕೆಎಂಸಿ ಸಾಗುವುದು ತಾಯಿಯ ಮನಸ್ಸಿನ ಮೇಲಲ್ಲ, ಆ ಹೊತ್ತಿಗೆ ಅವಳ ಉಳಿದ ಕೆಲಸವನ್ನು ಯಾರು ಹೊರುತ್ತಾರೆ ಎಂಬುದರ ಮೇಲೆ" ಎಂದರೆ ಅದು ವಿಶ್ಲೇಷಣೆ. ಬಾಣಂತನದ ಮನೆಗಳನ್ನು ಬಲ್ಲ ನಮ್ಮ ಓದುಗರಿಗೆ ಈ ಮಾತು ಕೂಡಲೇ ಹಿಡಿಯುತ್ತದೆ, ಆದರೂ ಅದಕ್ಕೆ ಆಧಾರ ನಿಮ್ಮ ಕೋಡ್‌ಗಳಲ್ಲಿ ಸಿಗಬೇಕು. ನಿಮ್ಮ ಅನುಭವ ಆಧಾರವಾಗುವುದಿಲ್ಲ.

ಈಗ ಎರಡು ಬಗೆಯವನ್ನೂ ಎದುರುಬದುರು ಇಡಿ: ಎಡಕ್ಕೆ ತಾಯಂದಿರು ಹೇಳಿದ ಅಡ್ಡಿ, ಬಲಕ್ಕೆ ಆ ಅಡ್ಡಿಯನ್ನು ತೆಗೆಯಲು ಪ್ರಯೋಗಗಳು ಮಾಡಿದ ಏರ್ಪಾಡು. "ಜಾಗವಿಲ್ಲ" ಎಂಬುದರ ಎದುರು 2021ರ ಪ್ರಯೋಗದ ಮದರ್ ಎನ್‌ಐಸಿಯು ಬರುತ್ತದೆ: ತಾಯಿಗೆ ಮಗುವಿರುವ ಕಡೆಯೇ ಮಂಚ, ಅವಳಿಗಾಗದಿದ್ದಾಗ ಕಟ್ಟಿಕೊಳ್ಳಲು ಮನೆಯ ಇನ್ನೊಬ್ಬರು. ಅಲ್ಲಿ ಚರ್ಮಸ್ಪರ್ಶದ ಮೀಡಿಯನ್ ದಿನಕ್ಕೆ 16.9 ಗಂಟೆ, ಹೋಲಿಕೆ ಗುಂಪಿನಲ್ಲಿ 1.5. ಎಡಗಡೆ ಅಡ್ಡಿಯಿದ್ದು ಬಲಗಡೆ ಏನೂ ಇಲ್ಲದ ಸಾಲು ಸಿಕ್ಕರೆ, ನಿಮ್ಮ ರಿಸರ್ಚ್ ಗ್ಯಾಪ್ ಅಲ್ಲಿದೆ. "ನಮ್ಮ ಜಿಲ್ಲೆಯಲ್ಲಿ ಯಾರೂ ಮಾಡಿಲ್ಲ" ಎಂಬುದು ತಾನಾಗಿಯೇ ಗ್ಯಾಪ್ ಆಗುವುದಿಲ್ಲ; ಫಲಿತಾಂಶ ಬೇರೆಯಾಗಬಹುದು ಎನ್ನಲು ನಿಮ್ಮ ಜಿಲ್ಲೆಯಲ್ಲಿ ಏನು ಬೇರೆ ಇದೆ ಎಂದು ಹೇಳಬೇಕು.

ಪ್ಯಾರಾ ಬರೆಯುವ ರೀತಿ

ಪ್ಯಾರಾದ ಮೊದಲ ವಾಕ್ಯ ಲೇಖಕರ ಹೆಸರಿನಿಂದ ಶುರುವಾಗಬಾರದು, ಕಂಡುಕೊಂಡ ಸಂಗತಿಯಿಂದ ಶುರುವಾಗಬೇಕು. ಆಮೇಲೆ ಆಧಾರ, ಆಮೇಲೆ ಭಿನ್ನತೆ ಮತ್ತು ಅದರ ಕಾರಣ, ಕೊನೆಗೆ ಎಷ್ಟು ನಂಬಬಹುದು. ಹೀಗೆ:

"ಕೆಎಂಸಿಯಿಂದ ಕಡಿಮೆ ತೂಕದ ಮಕ್ಕಳ ಸಾವು ಇಳಿಯುತ್ತದೆ ಎಂಬುದು ಆಸ್ಪತ್ರೆಯಲ್ಲೂ ಮನೆಯಲ್ಲೂ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ (ಕಾಕ್ರೇನ್ 2016, ಹರಿಯಾಣ 2019). ಸ್ಥಿರವಾಗುವವರೆಗೆ ಕಾಯದೆ ಶುರುಮಾಡಿದರೆ, ತಡವಾಗಿ ಕೆಎಂಸಿ ಪಡೆದ ಮಕ್ಕಳಿಗಿಂತಲೂ ಸಾವು ಇನ್ನಷ್ಟು ಇಳಿಯಿತು (2021ರ ಪ್ರಯೋಗ). ಆದರೆ ಆ ಪ್ರಯೋಗದಲ್ಲಿ ತಾಯಿ ಎನ್‌ಐಸಿಯು ಒಳಗೇ ಇದ್ದಳು. ಆದ್ದರಿಂದ ತಾಯಿಯನ್ನು ಹೊರಗಿರಿಸುವ ಘಟಕಗಳಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು."

ನಾಲ್ಕೇ ವಾಕ್ಯದಲ್ಲಿ 14,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇದೆ, ನಿಮ್ಮ ಅಧ್ಯಯನಕ್ಕೆ ಬಾಗಿಲೂ ತೆರೆದಿದೆ. ಇದಕ್ಕೆ ಇನ್ನೊಂದು ಲಾಭವೂ ಉಂಟು. ಸಾರಾಂಶಗಳನ್ನು ಒಂದೊಂದಾಗಿ ಇಳಿಸಿಕೊಂಡ ಅಧ್ಯಾಯ ಸಾಮ್ಯತೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಯುಜಿಸಿಯ 2018ರ ನಿಯಮದಂತೆ 10%ವರೆಗೆ ಮಾತ್ರ ದಂಡವಿಲ್ಲ. ಹೆಣೆದು ಬರೆದ ಪ್ಯಾರಾದಲ್ಲಿ ನಕಲಿಗೆ ಜಾಗವೇ ಇರುವುದಿಲ್ಲ.

ಎಐ ಚಾಟ್ ಸಾಧನ ಕೊಟ್ಟ ಉಲ್ಲೇಖವನ್ನು ಮೂಲ ಲೇಖನ ತೆರೆಯದೆ ಸೇರಿಸಬೇಡಿ. ಇಲ್ಲದ ಲೇಖನಕ್ಕೆ ಇರುವ ಜರ್ನಲ್ಲಿನ ಹೆಸರು, ನಂಬುವಂಥ ಡಿಒಐ (ಲೇಖನದ ಗುರುತಿನ ಸಂಖ್ಯೆ) ಸೇರಿಸಿ ಕೊಡುವುದು ಅವುಗಳಿಗೆ ಕಷ್ಟವಲ್ಲ. ಹಾಗೆಯೇ, ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದ್ದನ್ನು ನೋಡಿ ನೀವು ಮೂಲವನ್ನು ಉಲ್ಲೇಖಿಸಬೇಡಿ. ಅಂಕಿ ದಾರಿಯಲ್ಲಿ ಬದಲಾಗಿರುತ್ತದೆ.

ಪ್ರಬಂಧ ಸಲ್ಲಿಸುವ ಮುನ್ನ, ಹಿಂದಿನ ಆರು ತಿಂಗಳೊಳಗೆ, ಬರೆದಿಟ್ಟ ಅದೇ ಸಾಲುಗಳನ್ನು ಅದೇ ಡೇಟಾಬೇಸ್‌ಗಳಲ್ಲಿ ಮತ್ತೆ ಓಡಿಸಿ. ಹೊಸದಾಗಿ ಬಂದದ್ದನ್ನು ಮ್ಯಾಟ್ರಿಕ್ಸ್‌ಗೆ ಹಾಕಿ. ಯಾವ ಪ್ಯಾರಾದ ಮೊದಲ ವಾಕ್ಯ ಬದಲಾಗಬೇಕು ಎಂದು ನೋಡಿ, ಬದಲಾಗುವುದಿದ್ದರೆ ಅಲ್ಲಿಂದಲೇ ತಿದ್ದುತ್ತಾ ಬನ್ನಿ. ಪ್ರಿಸ್ಮಾ ಚಿತ್ರದ ಸಂಖ್ಯೆಗಳನ್ನೂ ದಿನಾಂಕವನ್ನೂ ಆಗಲೇ ಸರಿಪಡಿಸಿ.